ದುಡಿಮೆಯ ಬದುಕನ್ನು ಪುಸ್ತಕ ಮಾಡುವವರಿಗೆ: ಯಾವ ದಾರಿ ಯಾರಿಗೆ ಸರಿ?

ದುಡಿಯುವವರು ತಮ್ಮ ಬದುಕನ್ನು ತಾವೇ ಬರೆಯಲು ಕೂತಾಗ ಎಲ್ಲಕ್ಕಿಂತ ಕಡಿಮೆ ಬೀಳುವುದು ಪಾಳಿ ಮುಗಿದ ಮೇಲೆ ಉಳಿಯುವ ಹೊತ್ತು ಮತ್ತು ಕಸುವು. ಹಾಗಾಗಿ ಬರೆಯುವ ವಿಧಾನವನ್ನು ಆ ಹೊತ್ತು ನೋಡಿಕೊಂಡು ಆರಿಸಬೇಕು. ಪ್ರಕಟಿಸುವ ವಿಧಾನವನ್ನು ಖಂಡಿತವಾಗಿ ಓದುವವರು ಎಷ್ಟು ಮಂದಿ ಎಂದು ಎಣಿಸಿ ಆರಿಸಬೇಕು. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಮೊದಲು ಮುದ್ರಕರ ಹತ್ತಿರ ಹೋಗಿ ದರ ಕೇಳಿ ಬರುತ್ತಾರೆ, ಆಮೇಲೆ ಬರೆಯಲು ಕೂರುತ್ತಾರೆ. ಹೇಳಿ ಬಂದ ಪುಟಗಳ ಲೆಕ್ಕ ತುಂಬಿಸುವುದೇ ಒಂದು ಕೆಲಸವಾಗುತ್ತದೆ.

ಯಾವ ದಾರಿ ಹಿಡಿದರೂ ಮುಂಚೆ ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಕಂಬ ಎಳೆದುಕೊಳ್ಳಿ: ವರ್ಷ, ಮಾಡುತ್ತಿದ್ದ ಕೆಲಸ, ಇದ್ದ ಮನೆ, ನಡೆದ ಸಂಗತಿ. ವರ್ಷ ನೆನಪಾಗದಿದ್ದರೆ ಮಕ್ಕಳ ಹುಟ್ಟಿನ ದಾಖಲೆ, ಸಂಬಳದ ಚೀಟಿ, ನೇಮಕಾತಿ ಪತ್ರ, ಸಂಘದ ಕರಪತ್ರ ಇವುಗಳಿಂದ ಹಿಂದೆ ಮುಂದೆ ಲೆಕ್ಕ ಹಾಕಬಹುದು. ಈ ಹಾಳೆ ಇಲ್ಲದೆ ಶುರು ಮಾಡಿದ ಬರಹಗಳಲ್ಲಿ ಒಂದೇ ಮುಷ್ಕರ ಎರಡು ಅಧ್ಯಾಯಗಳಲ್ಲಿ ಎರಡು ಬೇರೆ ವರ್ಷಗಳಲ್ಲಿ ನಡೆದಿರುತ್ತದೆ.

ಕೈಬರಹವೋ, ಫೋನೋ, ಮಾತೋ

ಕೈಯಲ್ಲಿ ಬರೆಯುವುದು ನಿಧಾನ, ಆದರೆ ನೆನಪು ಹೊರಡುವುದೂ ಅದೇ ವೇಗದಲ್ಲಿ. 20 ನಿಮಿಷಕ್ಕೆ ಸುಮಾರು 200 ಪದ ಬರುತ್ತದೆ ಎಂದಿಟ್ಟುಕೊಳ್ಳಿ. ವಾರಕ್ಕೆ ನಾಲ್ಕು ಸಲ ಕೂತರೆ 800. ಒಂದು ಚಿಕ್ಕ ಪುಸ್ತಕಕ್ಕೆ ಸಾಕಾಗುವ 20,000 ಪದಗಳಿಗೆ ಹೆಚ್ಚುಕಡಿಮೆ ಆರು ತಿಂಗಳು. ಬಿಡಿ ಹಾಳೆ ಬೇಡ, ಹೊಲಿದ ನೋಟ್‌ಬುಕ್ ಇರಲಿ. ಬಲಗಡೆಯ ಪುಟದಲ್ಲಿ ಮಾತ್ರ ಬರೆದು ಎಡಗಡೆಯದನ್ನು ಖಾಲಿ ಬಿಡಿ, ತಡವಾಗಿ ನೆನಪಾದದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಪುಟಸಂಖ್ಯೆಯನ್ನು ಮೊದಲೇ ಹಾಕಿಡಿ. ನೀರು ತಾಗಿದರೆ ಹರಡುವ ಶಾಯಿಗಿಂತ ಸಾದಾ ಕಪ್ಪು ಬಾಲ್‌ಪೆನ್ ವಾಸಿ. ವಾರಕ್ಕೊಮ್ಮೆ ಬರೆದಷ್ಟನ್ನು ಫೋಟೋ ತೆಗೆದು ಇನ್ನೊಬ್ಬರ ಫೋನಿಗೂ ಕಳಿಸಿ. ಒಂದೇ ಪ್ರತಿಯಲ್ಲಿ ಇದ್ದದ್ದು ಒಂದು ದಿನ ಇಲ್ಲವಾಗುತ್ತದೆ. ಈ ದಾರಿಯ ನಿಜವಾದ ಖರ್ಚು ಕೊನೆಯಲ್ಲಿ ಬರುವ ಟೈಪಿಂಗ್. ಅಕ್ಷರ ಗೋಜಲಾಗಿದ್ದರೆ ಟೈಪ್ ಮಾಡುವವರು ತಮಗೆ ತಿಳಿದ ಪದವನ್ನು ಕೂರಿಸಿಬಿಡುತ್ತಾರೆ, ಅದರಲ್ಲೂ ಉಪಕರಣಗಳ ಹೆಸರಿನಲ್ಲಿ.

ಫೋನಿನಲ್ಲಿ ಬರೆಯುವುದು ಬಸ್ಸಿನಲ್ಲಿ, ಊಟದ ವಿರಾಮದಲ್ಲಿ ತುಣುಕು ಹೊತ್ತು ಸಿಗುವವರಿಗೆ ಒಗ್ಗುತ್ತದೆ. ಧ್ವನಿ ಟೈಪಿಂಗ್ ಇನ್ನೂ ವೇಗ. ಆದರೆ ಅದು ಪೂರ್ಣವಿರಾಮ ಹಾಕುವುದನ್ನು ನೆಚ್ಚುವಂತಿಲ್ಲ, ಸ್ವಲ್ಪ ತಡೆದು ಮಾತಾಡಿದರೆ ನಿಂತುಬಿಡುತ್ತದೆ, ಆಡುಮಾತಿನ ಪದವನ್ನು ಹತ್ತಿರದ ಗ್ರಂಥಭಾಷೆಯ ಪದಕ್ಕೆ ತಿರುಗಿಸುತ್ತದೆ. ಅಂದಂದೇ ಓದಿ ತಿದ್ದದಿದ್ದರೆ ತಿಂಗಳ ನಂತರ ಏನು ಹೇಳಿದ್ದೆವು ಎಂದು ನಮಗೇ ಗೊತ್ತಾಗುವುದಿಲ್ಲ. ಚಾಟ್ ಕಿಟಕಿಯಲ್ಲಿ ತನಗೆ ತಾನೇ ಸಂದೇಶ ಕಳಿಸಿಕೊಂಡು ಬರೆಯುವವರೂ ಇದ್ದಾರೆ. ಬೇಡ. ಫೋನ್ ಬದಲಿಸುವಾಗ ಅದು ಪೂರ್ತಿ ಹೋದದ್ದುಂಟು. ಪ್ರತಿ ಅಧ್ಯಾಯಕ್ಕೂ ಒಂದು ಪ್ರತ್ಯೇಕ ಕಡತ, ಹೆಸರಿನಲ್ಲಿ ಕ್ರಮಸಂಖ್ಯೆ ಮತ್ತು ದಿನಾಂಕ, ಇಷ್ಟು ಇದ್ದರೆ ಸಾಕು.

ಮಾತಾಡಿ ರೆಕಾರ್ಡ್ ಮಾಡುವುದು ಅಕ್ಷರದ ರೂಢಿ ತಪ್ಪಿದವರಿಗೆ, ಕೈ ನಡುಗುವವರಿಗೆ, ಕಣ್ಣು ಮಂದವಾದವರಿಗೆ ಸರಿಯಾದ ದಾರಿ. ಎಲ್ಲಕ್ಕಿಂತ ಸುಲಭ ಎಂದು ಕಾಣುವ ಇದರಲ್ಲೇ ಲೆಕ್ಕ ತಪ್ಪುವುದು ಹೆಚ್ಚು. ಒಂದು ಗಂಟೆಯ ಮಾತು ಸುಮಾರು 5,000 ಪದ. ಅದನ್ನು ಕೇಳಿ ಅಕ್ಷರಕ್ಕಿಳಿಸಲು ರೂಢಿಯಿರುವವರಿಗೇ ಐದಾರು ಗಂಟೆ ಬೇಕು, ಹೊಸಬರಿಗೆ ಎಂಟು ಹತ್ತು. ಪುನರಾವರ್ತನೆ ತೆಗೆದ ಮೇಲೆ ಅದರಲ್ಲಿ ಮೂರರಲ್ಲಿ ಎರಡು ಪಾಲು ಉಳಿದರೆ ಹೆಚ್ಚು. ಅಂದರೆ 20,000 ಪದದ ಪುಸ್ತಕಕ್ಕೆ ಆರು ಗಂಟೆ ಮಾತು, ಮೂವತ್ತು ಗಂಟೆಗೂ ಮೀರಿದ ಟೈಪಿಂಗ್. ಈ ದುಡಿಮೆ ಯಾರದು ಎಂದು ಮೊದಲ ದಿನವೇ ತೀರ್ಮಾನವಾಗದಿದ್ದರೆ ಧ್ವನಿಕಡತಗಳು ಫೋನಿನಲ್ಲೇ ಉಳಿಯುತ್ತವೆ.

ರೆಕಾರ್ಡ್ ಮಾಡುವಾಗ ಫ್ಯಾನ್ ಮತ್ತು ಫ್ರಿಜ್ ಆರಿಸಿ, ಫೋನನ್ನು ಬಾಯಿಂದ 20–30 ಸೆಂ.ಮೀ. ದೂರದಲ್ಲಿ ಮಡಚಿದ ಬಟ್ಟೆಯ ಮೇಲೆ ಇಡಿ. ಬರಿ ಮೇಜಿನ ಮೇಲಿಟ್ಟರೆ ಬೆರಳು ತಟ್ಟಿದ್ದೆಲ್ಲ ಗುಡುಗುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಕರೆ ಬಂದರೆ ರೆಕಾರ್ಡಿಂಗ್ ಅರ್ಧಕ್ಕೇ ನಿಲ್ಲಬಹುದು. ಮುಂದೆ ದಾಖಲಾಗಾರಕ್ಕೆ ಕೊಡುವ ಮನಸ್ಸಿದ್ದರೆ ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಕಡತ ಉಳಿಸಿಕೊಳ್ಳಿ. 16 ಬಿಟ್, 44.1 ಕಿಲೋಹರ್ಟ್ಸ್ ಮೋನೋದಲ್ಲಿ ಗಂಟೆಗೆ ಸುಮಾರು 320 ಎಂಬಿ ಆಗುತ್ತದೆ. ಬರಿ ಟೈಪಿಂಗಿಗಾದರೆ 128 ಕೆಬಿಪಿಎಸ್ ಎಂಪಿ3 ಸಾಕು, ಗಂಟೆಗೆ 60 ಎಂಬಿಯೊಳಗೆ. ಒಂದು ಕೂರಿಕೆ 45 ನಿಮಿಷ ಮೀರದಿರಲಿ. "ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಎಂಬ ಪ್ರಶ್ನೆಗೆ ನಾಲ್ಕು ವಾಕ್ಯದ ಉತ್ತರ ಬರುತ್ತದೆ. "ಮೊದಲ ದಿನ ಕೆಲಸಕ್ಕೆ ಹೋದಾಗ ಕೈಗೆ ಏನು ಕೊಟ್ಟರು, ಎಲ್ಲಿ ನಿಲ್ಲಿಸಿದರು?" ಎಂದರೆ ಅರ್ಧ ಗಂಟೆ. ಹಳೆಯ ಫೋಟೋ, ಗುರುತಿನ ಚೀಟಿ, ಸವೆದ ಉಪಕರಣ ಒಂದನ್ನು ಎದುರಿಗಿಟ್ಟರೆ ಇನ್ನೂ ಒಳ್ಳೆಯದು.

ಇನ್ನೊಬ್ಬರು ಅಕ್ಷರಕ್ಕಿಳಿಸುವಾಗಿನ ದೊಡ್ಡ ಅಪಾಯ ಮಾತು ಬಿಳಿಚಿಕೊಳ್ಳುವುದು. ಓದಿದವರ ಕೈಗೆ ಸಿಕ್ಕ "ಮೇಸ್ತ್ರಿ ಉಗಿದ" ಎಂಬುದು "ಮೇಲ್ವಿಚಾರಕರು ನನ್ನನ್ನು ನಿಂದಿಸಿದರು" ಆಗುತ್ತದೆ. ಒಂದು ಒಪ್ಪಂದ ಮಾಡಿಕೊಳ್ಳಿ: ಕಾಗುಣಿತ ತಿದ್ದಬಹುದು, ಕ್ರಮ ಬದಲಿಸಬಹುದು, ಮರುಮಾತು ಬಿಡಬಹುದು, ಪದ ಬದಲಿಸಬಾರದು. ಕೆಲಸದ ಪದ ಓದುಗರಿಗೆ ತಿಳಿಯದಿದ್ದರೆ ಮೊದಲ ಸಲ ಬಂದಾಗ ಆ ವಾಕ್ಯದಲ್ಲೇ ಅದು ಏನು ಮಾಡುವ ವಸ್ತು ಎಂದು ಸೇರಿಸಿದರೆ ಆಯಿತು, ಕೊನೆಯಲ್ಲಿ ಪದಕೋಶ ಕೊಟ್ಟರೆ ಯಾರೂ ಅಲ್ಲಿಗೆ ಹೋಗಿ ನೋಡುವುದಿಲ್ಲ. ಮುಖಪುಟದಲ್ಲಿ ಹೇಳಿದವರ ಹೆಸರು ಲೇಖಕರ ಜಾಗದಲ್ಲಿ, ಬರೆದುಕೊಂಡವರದು "ನಿರೂಪಣೆ" ಎಂದು ಅದರ ಕೆಳಗೆ. ಇದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುವುದು ಸಂಕೋಚದ ವಿಷಯ ಅನ್ನಿಸಿದರೂ, ಪುಸ್ತಕ ಓಡಿದಾಗ ಜಗಳವಾಗುವುದು ಇದೇ ಸಾಲಿನ ಮೇಲೆ.

ನಾಲ್ಕನೆಯ ದಾರಿ ಗುಂಪಾಗಿ ಕೂತು ಬರೆಯುವುದು. ಇಂಗ್ಲೆಂಡಿನ ಬ್ರೈಟನ್‌ನಲ್ಲಿ 1972ರಲ್ಲಿ ನೆರೆಹೊರೆಯ ಹೋರಾಟವೊಂದರಿಂದ ಹುಟ್ಟಿದ ಕ್ವೀನ್‌ಸ್ಪಾರ್ಕ್, ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಸೆಂಟರ್‌ಪ್ರೈಸ್‌ನಂಥ ಕೂಟಗಳು ಸ್ಥಳೀಯ ದುಡಿಯುವ ಜನರ ಜೀವನಕಥೆಗಳನ್ನು ಅವರ ಮಾತಿನಲ್ಲೇ ಪುಸ್ತಕ ಮಾಡಿದವು. 1976ರಲ್ಲಿ ಇಂಥ ಗುಂಪುಗಳು ಸೇರಿ ಕಾರ್ಮಿಕ ಬರಹಗಾರರ ಮತ್ತು ಸಮುದಾಯ ಪ್ರಕಾಶಕರ ಒಕ್ಕೂಟ ಕಟ್ಟಿಕೊಂಡವು. ಗುಂಪಿನಿಂದ ಸಿಗುವ ದೊಡ್ಡ ಲಾಭ ಗಡುವು: ಹದಿನೈದು ದಿನಕ್ಕೊಮ್ಮೆ ಓದಬೇಕು ಎಂದಾದರೆ ಮಾತ್ರ ಬರೆಯುವವರು ನಮ್ಮಲ್ಲಿ ಬಹಳ. ಆರರಿಂದ ಹತ್ತು ಜನ, ಎರಡು ಗಂಟೆ, ಒಬ್ಬರಿಗೆ ಓದಲು ಹತ್ತು ನಿಮಿಷ. ಹನ್ನೆರಡು ಜನ ದಾಟಿದರೆ ಓದುವ ಸರದಿ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಕೆಡುವುದು ಎರಡು ಕಾರಣಕ್ಕೆ. ಚೆನ್ನಾಗಿ ಮಾತಾಡುವ ಒಬ್ಬಿಬ್ಬರು ಎಲ್ಲರ ಹೊತ್ತನ್ನೂ ನುಂಗುತ್ತಾರೆ, ಅದಕ್ಕೆ ಗಡಿಯಾರ ಹಿಡಿದ ಒಬ್ಬರು ಬೇಕು. ಇನ್ನೊಂದು, ಎಲ್ಲರೂ ಸೇರಿ ತಿದ್ದಿ ತಿದ್ದಿ ಎಲ್ಲರ ಬರಹವೂ ಒಂದೇ ಥರ ಆಗುವುದು. "ಇಲ್ಲಿ ನನಗೆ ಅರ್ಥವಾಗಲಿಲ್ಲ", "ಇಲ್ಲಿ ಇನ್ನಷ್ಟು ಬೇಕಿತ್ತು" ಎಂಬೆರಡು ಮಾತಿಗೆ ಪ್ರತಿಕ್ರಿಯೆಯನ್ನು ಕಟ್ಟಿಹಾಕಿದರೆ ಈ ಕಾಟ ಕಡಿಮೆ.

ನಮ್ಮ ಒಲವು ಕೇಳಿದರೆ ಬೆರಕೆ ದಾರಿಗೆ: ಮೂರು ಗಂಟೆ ಮಾತಾಡಿ ಅಕ್ಷರಕ್ಕಿಳಿಸಿ, ಆ ಮುದ್ರಿತ ಹಾಳೆಗಳ ಮೇಲೆ ಕೈಯಲ್ಲೇ ತಿದ್ದಿ ಬೆಳೆಸುವುದು. ಖಾಲಿ ಹಾಳೆಯ ಭಯ ಇರುವುದಿಲ್ಲ, ಮಾತಿನ ಓಟವೂ ಉಳಿಯುತ್ತದೆ. ಹುಟ್ಟಿನಿಂದ ಶುರು ಮಾಡಲೇಬೇಕೆಂಬ ಹಟ ಬೇಡ. ಬಾಲ್ಯದಲ್ಲೇ ಸಿಕ್ಕಿಕೊಂಡು ಕೆಲಸದ ಬದುಕಿಗೆ ಬರುವ ಮೊದಲೇ ಸುಸ್ತಾದ ಹಸ್ತಪ್ರತಿಗಳು ಬೇಕಾದಷ್ಟಿವೆ, ಓದುಗರಿಗೆ ಬೇರೆಲ್ಲೂ ಸಿಗದಿರುವುದು ಆ ಕೆಲಸದ ವಿವರವೇ: ಪಾಳಿ ಎಷ್ಟಕ್ಕೆ ಬದಲಾಗುತ್ತಿತ್ತು, ಕೂಲಿ ಹೇಗೆ ಕಟ್ಟುತ್ತಿದ್ದರು, ಯಾವುದಕ್ಕೆ ದಂಡ ಹಾಕುತ್ತಿದ್ದರು, ಗಾಯವಾದರೆ ಏನು ಮಾಡುತ್ತಿದ್ದರು.

ಅಚ್ಚಿಗೆ ಹೋಗುವ ಮುನ್ನ ಹೆಸರುಗಳ ಪಟ್ಟಿ

ಪುಸ್ತಕವನ್ನು ಕೊಟ್ಟರೆ ಓದುವವರ ಹೆಸರುಗಳನ್ನು ಒಂದೊಂದಾಗಿ ಬರೆಯಿರಿ. "ಕಾರ್ಖಾನೆಯವರು", "ಬೀದಿಯವರು" ಎಂದು ಬರೆಯುವಂತಿಲ್ಲ, ಹೆಸರೇ ಬೇಕು. ಪಟ್ಟಿ 40 ದಾಟದಿದ್ದರೆ ಝೆರಾಕ್ಸ್ ಪುಸ್ತಿಕೆ. 50ರಿಂದ 300ರವರೆಗೆ ಡಿಜಿಟಲ್ ಮುದ್ರಣ. 500 ಮೀರಿದಾಗ ಮಾತ್ರ ಆಫ್‌ಸೆಟ್ ಯೋಚಿಸಿ. ಇದರ ಹಿಂದಿನ ಕಾರಣ ಸರಳ: ಆಫ್‌ಸೆಟ್‌ಗೆ ಪುಟಗಳ ಅಚ್ಚಿನ ತಗಡಾದ ಪ್ಲೇಟ್ ಮಾಡಿಸಿ ಯಂತ್ರ ಹೊಂದಿಸುವ ಖರ್ಚು ಒಂದು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಪ್ರತಿ ಹೆಚ್ಚಿದಂತೆ ಆ ಖರ್ಚು ಹಂಚಿಹೋಗುತ್ತದೆ. ಡಿಜಿಟಲ್‌ನಲ್ಲಿ ಪ್ಲೇಟ್ ಇಲ್ಲ, ಒಂದೊಂದು ಪ್ರತಿಯ ದರ ಹೆಚ್ಚುಕಡಿಮೆ ಸ್ಥಿರ. "ಇನ್ನಿನ್ನೂರು ಪ್ರತಿಗೆ ಸ್ವಲ್ಪವೇ ಹೆಚ್ಚು" ಎಂಬ ಮಾತಿಗೆ ಮರುಳಾಗಿ ಸಾವಿರ ಮಾಡಿಸಿದವರ ಮಂಚದ ಕೆಳಗೆ ಏಳುನೂರು ಉಳಿದಿರುತ್ತವೆ. ಮುಗಿದರೆ ಮತ್ತೆ ಮುದ್ರಿಸಬಹುದು. ಉಳಿದದ್ದನ್ನು ವಾಪಸು ತೆಗೆದುಕೊಳ್ಳುವವರಿಲ್ಲ.

ಝೆರಾಕ್ಸ್ ಪುಸ್ತಿಕೆಯನ್ನು ಕೀಳಾಗಿ ಕಾಣಬೇಡಿ. ಎ4 ಹಾಳೆ ಮಡಚಿದರೆ ಎ5, ಒಂದು ಹಾಳೆಗೆ ನಾಲ್ಕು ಪುಟ. ಹಾಗಾಗಿ ಒಟ್ಟು ಪುಟ ನಾಲ್ಕರಿಂದ ಭಾಗವಾಗಬೇಕು. 48 ಪುಟದವರೆಗೆ ನಡುವೆ ಎರಡು ಪಿನ್ ಹೊಡೆದರೆ ಚೆನ್ನಾಗಿ ಕೂರುತ್ತದೆ. ಅದನ್ನು ಮೀರಿದರೆ ಮಡಿಕೆ ಉಬ್ಬುತ್ತದೆ, ಒಳಗಿನ ಹಾಳೆಗಳು ಹೊರಗೆ ಚಾಚುತ್ತವೆ, ಅಂಚು ಕತ್ತರಿಸುವಾಗ ಅಕ್ಷರವೂ ಹೋಗುತ್ತದೆ. ಪಿನ್ ಹೊಡೆಯಲು ಉದ್ದ ತೋಳಿನ ಸ್ಟೇಪ್ಲರ್ ಬೇಕು. ಪುಟಗಳ ಜೋಡಣೆಯನ್ನು ಕೈಯಲ್ಲಿ ಲೆಕ್ಕ ಹಾಕುವ ಬದಲು ಪ್ರಿಂಟ್ ಮಾಡುವಾಗ "ಬುಕ್‌ಲೆಟ್" ಆಯ್ಕೆ ಒತ್ತಿ, ಎರಡೂ ಬದಿಗೆ ಚಿಕ್ಕ ಅಂಚಿನಲ್ಲಿ ತಿರುಗಿಸುವಂತೆ ಕೊಡಿ. ಉದ್ದ ಅಂಚು ಕೊಟ್ಟರೆ ಪ್ರತಿ ಹಿಂಬದಿಯೂ ತಲೆಕೆಳಗೆ. ಈ ದಾರಿಯ ಸೋಲು ಫೋಟೋಗಳಲ್ಲಿ, ಮುಖಗಳು ಕಪ್ಪು ಮುದ್ದೆಯಾಗುತ್ತವೆ.

ಪುಸ್ತಕದಂಥ ಪುಸ್ತಕವೇ ಬೇಕಾದರೆ ಲೆಕ್ಕ ಹೀಗೆ. ಡೆಮಿ 1/8 ಎಂಬ ಸಾಮಾನ್ಯ ಪುಸ್ತಕದ ಗಾತ್ರದಲ್ಲಿ, 12 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ 200 ಪದ ಹಿಡಿಯುತ್ತದೆ. 20,000 ಪದಕ್ಕೆ 100 ಪುಟ. ಮೊದಲ ಪುಟಗಳು, ಫೋಟೋಗಳು ಸೇರಿ 112. ಅದು ಹದಿನಾರು ಪುಟ ಒಟ್ಟಿಗೆ ಅಚ್ಚಾಗುವ ಏಳು ಫಾರಂ, ಹಾಗಾಗಿ ಆಫ್‌ಸೆಟ್‌ಗೆ ಒಂದೂ ಖಾಲಿ ಪುಟ ಉಳಿಯುವುದಿಲ್ಲ. 114 ಆದರೆ ಎರಡು ಪುಟಕ್ಕಾಗಿ ಇನ್ನೊಂದು ತುಂಡು ಫಾರಂನ ಖರ್ಚು, ಆ ಎರಡು ಪುಟ ಕಡಿಮೆ ಮಾಡುವುದೇ ಜಾಣತನ. ಒಳಗೆ 70–80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಕಾಗದ, ಹೊದಿಕೆಗೆ 250–300 ಜಿಎಸ್‌ಎಂ. 56 ಹಾಳೆಗೆ ಬೆನ್ನು ಐದೂವರೆ ಮಿ.ಮೀ. ಆಸುಪಾಸು ಬರುತ್ತದೆ, ಅದರ ಮೇಲೆ ಹೆಸರು ಹಾಕಬಹುದು, ಆದರೆ ಕತ್ತರಿಸುವಾಗ ಒಂದು ಮಿ.ಮೀ. ಸರಿದರೂ ಹೆಸರು ಮುಖಪುಟಕ್ಕೆ ಜಾರುತ್ತದೆ. ಅಂಟಿಸಿ ಕಟ್ಟುವ ಪುಸ್ತಕಕ್ಕೆ ಒಳ ಅಂಚು 20 ಮಿ.ಮೀ. ಬಿಡಿ. ಫೋಟೋ 10 ಸೆಂ.ಮೀ. ಅಗಲ ಬರಬೇಕಾದರೆ ಇಂಚಿಗೆ 300 ಚುಕ್ಕಿ, ಅಂದರೆ 300 ಡಿಪಿಐ ಲೆಕ್ಕದಲ್ಲಿ 1,200 ಪಿಕ್ಸೆಲ್ ಅಗಲ ಬೇಕು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಟೈಪಿಂಗ್ ಮೊದಲ ದಿನದಿಂದಲೂ ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಇರಲಿ. ನುಡಿ, ಬರಹ, ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಎನ್‌ಕೋಡಿಂಗ್‌ನಲ್ಲಿ ಮಾಡಿಸಿದ ಕಡತ ಅಚ್ಚಿಗೆ ಸರಿಹೋದೀತು, ಇ-ಪುಸ್ತಕಕ್ಕಾಗಿ ಬದಲಿಸುವಾಗ ಅರ್ಕಾವತ್ತು ಮತ್ತು ಒತ್ತಕ್ಷರಗಳು ಅಲ್ಲಲ್ಲಿ ಒಡೆಯುತ್ತವೆ, ಇಡೀ ಕರಡನ್ನು ಮತ್ತೆ ಓದಬೇಕಾಗುತ್ತದೆ. ಪುಟ ಜೋಡಿಸಿಕೊಡುವ ಡಿಟಿಪಿಯವರಿಂದ ಪಿಡಿಎಫ್ ಮಾತ್ರ ಪಡೆದು ಸುಮ್ಮನಾಗಬೇಡಿ. ತಿದ್ದಲು ಬರುವ ಮೂಲ ಕಡತವನ್ನೂ ಕೇಳಿ ತೆಗೆದುಕೊಳ್ಳಿ, ಎರಡನೇ ಮುದ್ರಣಕ್ಕೆ ಬೇಕಾಗುವುದು ಅದೇ.

ಬೇಡಿಕೆ ಬಂದಷ್ಟೇ ಮುದ್ರಿಸುವ ಪ್ರಿಂಟ್ ಆನ್ ಡಿಮ್ಯಾಂಡ್ ದಾಸ್ತಾನಿನ ಚಿಂತೆ ತಪ್ಪಿಸುತ್ತದೆ, ದೂರದ ಊರುಗಳಲ್ಲಿ ಚದುರಿದ ಓದುಗರಿಗೆ ಅನುಕೂಲ. ಒಂದೊಂದು ಪ್ರತಿ ದುಬಾರಿ, ಜೊತೆಗೆ ಜಾಲತಾಣದಲ್ಲಿ ಕೊಳ್ಳುವ ರೂಢಿಯಿಲ್ಲದ ಹಳೆಯ ಸಂಗಾತಿಗಳಿಗೆ ಅದು ತಲುಪುವುದೇ ಇಲ್ಲ. ಹೀಗೆ ಮುದ್ರಿಸಿಕೊಡುವ ವೇದಿಕೆ ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಯನ್ನು ಪುಕ್ಕಟೆ ಕೊಟ್ಟರೆ ನೋಡಿ ಒಪ್ಪಿಕೊಳ್ಳಿ: ಸಾಮಾನ್ಯವಾಗಿ ಆ ಸಂಖ್ಯೆ ಆ ವೇದಿಕೆಗೆ ಸೇರಿದ್ದು, ಬೇರೆ ಕಡೆ ಮುದ್ರಿಸುವಾಗ ಅದನ್ನು ಬಳಸುವಂತಿಲ್ಲ.

ಪ್ರಕಾಶಕರು, ಮತ್ತು ಪ್ರಕಾಶಕರಂತೆ ಕಾಣುವವರು

ನಿಜವಾದ ಪ್ರಕಾಶಕರು ಲೇಖಕರಿಂದ ಹಣ ಕೇಳುವುದಿಲ್ಲ. ಸಂಪಾದನೆ, ಅಚ್ಚು, ಹಂಚಿಕೆ ಅವರ ಖರ್ಚು, ಲೇಖಕರಿಗೆ ಗೌರವಧನ. ಬದಲಿಗೆ ಕಾಯಬೇಕು, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ. ಉತ್ತರವೇ ಬಾರದೆಯೂ ಇರಬಹುದು. ಪೂರ್ತಿ ಹಸ್ತಪ್ರತಿ ಕಳಿಸುವ ಬದಲು ಒಂದು ಪುಟದ ಪರಿಚಯ, ಅಧ್ಯಾಯಗಳ ಪಟ್ಟಿ, ಕೆಲಸದ ಬದುಕಿನ ಅತ್ಯಂತ ಗಟ್ಟಿಯಾದ ಇಪ್ಪತ್ತು ಪುಟ ಕಳಿಸಿ. ಕರಾರಿನಲ್ಲಿ ನೋಡಬೇಕಾದ್ದು ಮೂರು: ಹಕ್ಕು ಎಷ್ಟು ವರ್ಷಕ್ಕೆ, ಅನುವಾದ ಮತ್ತು ಸಿನಿಮಾ ಹಕ್ಕು ಯಾರಿಗೆ, ಪ್ರತಿ ಮುಗಿದು ಮರುಮುದ್ರಣ ಆಗದಿದ್ದರೆ ಹಕ್ಕು ಯಾವಾಗ ವಾಪಸು ಬರುತ್ತದೆ.

ಹಣ ತೆಗೆದುಕೊಂಡು ಪ್ರಕಟಿಸುವವರಲ್ಲಿ ಎರಡು ಬಗೆ. ಒಬ್ಬರು ಮುದ್ರಣ ಸೇವೆಯವರು: ಗಾತ್ರ, ಪುಟ, ಕಾಗದದ ಜಿಎಸ್‌ಎಂ, ಲ್ಯಾಮಿನೇಷನ್, ಬೈಂಡಿಂಗ್, ಪ್ರತಿ ಸಂಖ್ಯೆ ಬರೆದು ದರಪಟ್ಟಿ ಕೊಡುತ್ತಾರೆ, ಹಕ್ಕಿನ ಮಾತೆತ್ತುವುದಿಲ್ಲ. ಇವರಿಂದ ತೊಂದರೆಯಿಲ್ಲ. ಇನ್ನೊಬ್ಬರು 200 ಪುಟದ ಹಸ್ತಪ್ರತಿಯನ್ನು ಎರಡೇ ದಿನದಲ್ಲಿ "ಓದಿ" ಅದ್ಭುತ ಎನ್ನುತ್ತಾರೆ, "ಪ್ಯಾಕೇಜ್" ಮುಂದಿಡುತ್ತಾರೆ, ಹಣವೂ ನಿಮ್ಮದು ಹಕ್ಕೂ ಅವರದು ಎಂಬಂಥ ಕರಾರಿಗೆ ಸಹಿ ಕೇಳುತ್ತಾರೆ, ಇಂತಿಷ್ಟು ಪ್ರತಿ ನೀವೇ ಕೊಳ್ಳಬೇಕು ಎನ್ನುತ್ತಾರೆ. ನಿವೃತ್ತಿಯ ಇಡುಗಂಟು ಕೈಗೆ ಬಂದ ಹೊತ್ತಿನಲ್ಲಿ ಇಂಥವರಿಗೆ ಸಿಕ್ಕಿಬೀಳುವುದು ಸುಲಭ. ಪರೀಕ್ಷೆ ಒಂದೇ ಪ್ರಶ್ನೆಯದು: "ಒಟ್ಟು ಹಣದಲ್ಲಿ ಕಾಗದ ಮತ್ತು ಅಚ್ಚಿನ ಪಾಲೆಷ್ಟು?" ಉತ್ತರ ಬರೆದು ಕೊಡದವರ ಹತ್ತಿರ ಮುಂದುವರಿಯಬೇಡಿ.

ಮುದ್ರಕರು ಯಾರೇ ಇರಲಿ, ಎಲ್ಲ ಪ್ರತಿ ಅಚ್ಚಾಗುವ ಮುನ್ನ ಕಟ್ಟಿದ ಒಂದು ಪ್ರತಿ ಕೈಗೆ ಬರಲಿ. ಕರಡನ್ನು ಬರೆದವರಲ್ಲದೆ ಬೇರೆಯವರು ಗಟ್ಟಿಯಾಗಿ ಓದಬೇಕು. ಬರೆದವರ ಕಣ್ಣು ತಪ್ಪನ್ನೂ ಸರಿಯಾಗಿಯೇ ಓದುತ್ತದೆ. ಹೆಸರುಗಳು ಮತ್ತು ಇಸವಿಗಳಿಗೆ ಮಾತ್ರ ಒಂದು ಪ್ರತ್ಯೇಕ ಸುತ್ತು.

ಬದುಕಿರುವವರ ಹೆಸರುಗಳು

ಎಲ್ಲ ದಾರಿಗೂ ಇದು ಸಾಮಾನ್ಯ, ಆದರೆ ತೂಕ ಬೇರೆ ಬೇರೆ. 40 ಪ್ರತಿಯ ಪುಸ್ತಿಕೆಯಲ್ಲಿ ಮುನಿಸಿಗೆ ಮುಗಿಯುವುದು ಜಾಲದಲ್ಲಿ ಹಾಕಿದರೆ ಮಾನನಷ್ಟದ ನೋಟಿಸಾದೀತು. ಹೆಸರು ಬದಲಿಸಿದರೆ ಸಾಲದು: ಒಬ್ಬರೇ ಇದ್ದ ಹುದ್ದೆ, ಊರು, ವರ್ಷ ಮೂರೂ ಹಾಗೇ ಇದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಗುರುತು ಹಿಡಿಸುವ ಎರಡು ವಿವರ ಬದಲಿಸಿ, ಹಾಗೆ ಬದಲಿಸಿದ್ದೇವೆ ಎಂದು ಮೊದಲ ಪುಟದಲ್ಲಿ ಹೇಳಿ. ಜೊತೆಗೆ ದುಡಿದವರ ಕಾಯಿಲೆ, ಸಾಲ, ಸಂಸಾರದ ಜಗಳ ಬರುವ ಪುಟಗಳನ್ನು ಅವರಿಗೋ ಮನೆಯವರಿಗೋ ಮೊದಲೇ ತೋರಿಸಿ. ಇನ್ನೂ ಅದೇ ಕೆಲಸದಲ್ಲಿರುವವರು ನೇಮಕಾತಿಯ ಕರಾರಿನಲ್ಲಿ ಗೋಪ್ಯತೆಯ ಷರತ್ತು ಇದೆಯೇ ನೋಡಬೇಕು; ನ್ಯಾಯಾಲಯದಲ್ಲಿರುವ ವಿವಾದವಾದರೆ ವಕೀಲರಿಗೆ ತೋರಿಸದೆ ಅಚ್ಚು ಹಾಕಿಸಬೇಡಿ. ನಿಮಗೆ ಬಂದ ಪತ್ರ ನಿಮ್ಮದೇ, ಆದರೆ ಅದರೊಳಗಿನ ಬರಹದ ಹಕ್ಕು ಬರೆದವರದು, ಪೂರ್ತಿ ಮುದ್ರಿಸಲು ಅವರ ಒಪ್ಪಿಗೆ ಬೇಕು. ಫೋಟೋ ತೆಗೆದವರ ಹಕ್ಕೂ ಸಾಮಾನ್ಯವಾಗಿ ಹಾಗೆಯೇ.

ಪ್ರಕಟಿಸದೆ ಉಳಿಸುವ ದಾರಿ

ಇದನ್ನು ಕೊನೆಯ ಗತಿ ಎಂದು ತಿಳಿಯುವವರಿದ್ದಾರೆ. ಹೇಳಲೇಬೇಕಾದದ್ದು ಬಹಳವಿದ್ದು, ಈಗಲೇ ಹೇಳಿದರೆ ಯಾರಿಗೋ ಪೆಟ್ಟಾಗುತ್ತದೆ ಎಂಬವರಿಗೆ ಇದೇ ಮೊದಲ ಆಯ್ಕೆ. ಇಟಲಿಯ ಪಿಯೆವೆ ಸಾಂತೊ ಸ್ತೆಫಾನೊದಲ್ಲಿ 1984ರಿಂದ ಸಾಮಾನ್ಯ ಜನರ ದಿನಚರಿ, ಜೀವನಕಥೆಗಳ ರಾಷ್ಟ್ರೀಯ ದಾಖಲಾಗಾರವಿದೆ. ರೈತಾಪಿ ಮಹಿಳೆ ಕ್ಲೇಲಿಯಾ ಮಾರ್ಕಿ ಗಂಡ ತೀರಿಕೊಂಡ ಮೇಲೆ ತಮ್ಮ ಬದುಕನ್ನು ಬರೆದ ಹಾಸಿಗೆ ಹೊದಿಕೆ ಇರುವುದು ಅಲ್ಲೇ. ಫ್ರಾನ್ಸಿನಲ್ಲಿ 1992ರಲ್ಲಿ ಶುರುವಾದ ಆತ್ಮಕಥನ ಸಂಘ ಅಂಬೆರಿಯೋ ಎಂಬ ಊರಿನಲ್ಲಿ ಇದೇ ಕೆಲಸ ಮಾಡುತ್ತದೆ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಬರ್ನೆಟ್ ಸಂಗ್ರಹವಂತೂ ಕಾರ್ಮಿಕರ ಆತ್ಮಕಥೆಗಳದೇ. ಪೋಲೆಂಡಿನಲ್ಲಿ ಸಮಾಜಶಾಸ್ತ್ರಜ್ಞ ಫ್ಲೋರಿಯನ್ ಜ್ನಾನಿಯೆಟ್ಸ್ಕಿ 1921ರಲ್ಲೇ ಕಾರ್ಮಿಕರಿಗೆ ಜೀವನಕಥೆಯ ಸ್ಪರ್ಧೆ ಇಟ್ಟಿದ್ದರು. ಸ್ಪರ್ಧೆಗೆ ಕಳಿಸುವುದು ಈಗಲೂ ಒಂದು ದಾರಿಯೇ. ಆದರೆ ಕಳಿಸಿದ ಬರಹದ ಹಕ್ಕು ಸಂಘಟಕರಿಗೆ ಹೋಗುತ್ತದೆ ಎಂಬ ಸಾಲು ನಿಯಮಗಳಲ್ಲಿ ಅಡಗಿದೆಯೇ ಎಂದು ನೋಡಿ.

ದಾಖಲಾಗಾರಕ್ಕೆ ಕೊಡುವಾಗ ಕೊಟ್ಟುಬಿಡುವುದೋ ನಮ್ಮದಾಗಿಯೇ ಉಳಿಸಿಕೊಂಡು ಅಲ್ಲಿ ಇಡುವುದೋ ಎಂದು ಬರಹದಲ್ಲಿ ಸ್ಪಷ್ಟವಾಗಲಿ. ಕೊಟ್ಟುಬಿಟ್ಟರೆ ವಾಪಸು ಕೇಳುವಂತಿಲ್ಲ. ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಎಂಬ ಷರತ್ತು ಹಾಕಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಇಡೀ ಬರಹಕ್ಕೆ ಬೀಗ ಹಾಕುವ ಬದಲು ತೊಡಕಿನ ಅಧ್ಯಾಯಗಳನ್ನು ಬೇರೆ ಲಕೋಟೆಯಲ್ಲಿಟ್ಟು ಅದಕ್ಕೆ ಮಾತ್ರ ಷರತ್ತು ಹಾಕಿ. ಮೂಲ ನೋಟ್‌ಬುಕ್ ಕೊಡುವ ಮುನ್ನ ಖಾಲಿ ಎಡಪುಟಗಳೂ ಸೇರಿ ಪುಟಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಸ್ಟೇಪ್ಲರ್ ಪಿನ್ನುಗಳಿದ್ದರೆ ತೆಗೆಯಿರಿ, ಅವು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತವೆ. ಫೋಟೋಗಳ ಹಿಂದೆ ಮೆತ್ತನೆ ಪೆನ್ಸಿಲ್ಲಿನಿಂದ ಎಡದಿಂದ ಬಲಕ್ಕೆ ಯಾರ್ಯಾರು, ಯಾವ ವರ್ಷ ಎಂದು ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂಬದಿಯಲ್ಲಿ ಗೀರು ಮೂಡುತ್ತದೆ.